ಒಂದೇ ಸಾಲಿನಿಂದ ಹಲವು ಕಡೆ ಹುಡುಕಾಟ: ಗಡಿನಾಡಿನ ಓದುಗರಿಗೆ ಶಾರ್ಟ್‌ಕಟ್ ಆದೇಶಗಳ ಪರಿಚಯ

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ವಿದ್ಯಾರ್ಥಿನಿಯೊಬ್ಬಳು ಎಂಡೋಸಲ್ಫಾನ್ ದುರಂತದ ಕುರಿತು ಪ್ರಬಂಧ ಬರೆಯಲು ಹೊರಟಿದ್ದಾಳೆ ಎಂದು ಭಾವಿಸೋಣ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ಕೀಟನಾಶಕವನ್ನು ಸಿಂಪಡಿಸಿದ್ದು 1970ರ ದಶಕದ ಕೊನೆಯಿಂದ 2000ದವರೆಗೆ. ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿದ್ದು 2017ರ ಜನವರಿಯಲ್ಲಿ. ಇಷ್ಟನ್ನು ಯಾವ ಸರ್ಚ್ ಎಂಜಿನ್ ಆದರೂ ಹೇಳಬಹುದು. ಆದರೆ ಅವಳಿಗೆ ಬೇಕಾದ ಮೂಲ ದಾಖಲೆಗಳು ಒಂದೇ ಕಡೆ ಇಲ್ಲ. ನ್ಯಾಯಾಲಯದ ಆದೇಶಗಳ ಪಠ್ಯ ಇಂಡಿಯನ್ ಕಾನೂನ್ ಎಂಬ ಜಾಲತಾಣದಲ್ಲಿದೆ. ವೈದ್ಯಕೀಯ ಅಧ್ಯಯನಗಳ ಸಾರಾಂಶ ಪಬ್‌ಮೆಡ್‌ನಲ್ಲಿದೆ. ಸರಕಾರಿ ಸುತ್ತೋಲೆಗಳು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇವೆ. ಪತ್ರಿಕಾ ವರದಿಗಳಲ್ಲಿ ದೊಡ್ಡ ಪಾಲು ಮಲಯಾಳದ್ದು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆಗಳಂತಹ ಕನ್ನಡ, ತುಳು ಮಾತನಾಡುವ ಪಂಚಾಯತುಗಳ ಬದುಕಿನ ಮಾತು ಕನ್ನಡದ ಬರಹಗಳಲ್ಲಿದೆ. ಒಂದೇ ಪೆಟ್ಟಿಗೆಯಲ್ಲಿ ಒಂದು ಪದ ಹಾಕಿ ಮೊದಲ ಪುಟದಲ್ಲಿ ಬಂದದ್ದನ್ನು ಮಾತ್ರ ಓದಿದರೆ ಇವುಗಳಲ್ಲಿ ಬಹುಪಾಲು ಕಣ್ಣಿಗೇ ಬೀಳುವುದಿಲ್ಲ.

ಎರಡು ಮೂರು ಭಾಷೆಗಳ ನಡುವೆ ಬದುಕುವವರಿಗೆ, ಯಾವ ವಿಷಯವನ್ನು ಎಲ್ಲಿ ಹುಡುಕಬೇಕು ಎಂಬ ತೀರ್ಮಾನವನ್ನು ತಾವೇ ಮಾಡುವ ಅಭ್ಯಾಸ ಉಳಿದವರಿಗಿಂತ ಹೆಚ್ಚು ಅಗತ್ಯ. ಅದನ್ನು ಸುಲಭಗೊಳಿಸುವ ಉಪಾಯವೇ ಶಾರ್ಟ್‌ಕಟ್ ಆದೇಶ. ಬ್ರೌಸರಿನ ಮೇಲ್ಭಾಗದಲ್ಲಿರುವ ವಿಳಾಸದ ಪಟ್ಟಿಯಲ್ಲಿ ಒಂದೆರಡು ಅಕ್ಷರಗಳ ಸಂಕೇತ, ಒಂದು ಖಾಲಿ ಜಾಗ, ಬಳಿಕ ಹುಡುಕಬೇಕಾದ ಪದ ಇಷ್ಟನ್ನು ಬರೆದು ಎಂಟರ್ ಒತ್ತಿದರೆ, ಆ ಜಾಲತಾಣದ ಮುಖಪುಟಕ್ಕೆ ಹೋಗುವ, ಅಲ್ಲಿ ಹುಡುಕುವ ಪೆಟ್ಟಿಗೆ ಎಲ್ಲಿದೆಯೆಂದು ನೋಡುವ ಕೆಲಸವೇ ಇಲ್ಲದೆ ಫಲಿತಾಂಶದ ಪುಟ ತೆರೆದುಕೊಳ್ಳುತ್ತದೆ. ಮುಂದೆ ಇಂಗ್ಲಿಷ್ ಅಕ್ಷರಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ. ಕೀಲಿಮಣೆಯಲ್ಲಿ ಒತ್ತುವಾಗ ಆಯಾ ಇಂಗ್ಲಿಷ್ ಅಕ್ಷರವನ್ನೇ ಒತ್ತಬೇಕು.

ಈ ಉಪಾಯ ಹೊಸದಲ್ಲ. ಲಿನಕ್ಸ್ ಬಳಸುವವರಿಗೆ ಪರಿಚಿತವಾದ ಕೆಡಿಇ ವ್ಯವಸ್ಥೆಯಲ್ಲಿ ಎರಡು ಜಿ ಅಕ್ಷರಗಳ ಮುಂದೆ ಕೋಲನ್ ಚಿಹ್ನೆಯಿಟ್ಟರೆ ಗೂಗಲ್ ಹುಡುಕಾಟವೆಂಬ ಏರ್ಪಾಡು ಬಹಳ ಹಿಂದಿನಿಂದಲೇ ಇತ್ತು. 2005ರಲ್ಲಿ ಜೋನಥನ್ ಅಕ್ವಿನೋ ಎಂಬವರು, 24 ಗಂಟೆಗಳ ಪ್ರೋಗ್ರಾಮಿಂಗ್ ಸ್ಪರ್ಧೆಯೊಂದಕ್ಕಾಗಿ, ಯಾರು ಬೇಕಾದರೂ ಹೊಸ ಆದೇಶ ಸೇರಿಸಬಹುದಾದ ಯಬ್‌ನಬ್ ಎಂಬ ತಾಣವನ್ನು ಕಟ್ಟಿದರು. ಆದರೆ ಸಾಮಾನ್ಯ ಬಳಕೆದಾರರಿಗೆ ಈ ಉಪಾಯವನ್ನು ಮುಟ್ಟಿಸಿದ್ದು ಮುಖ್ಯವಾಗಿ 2008ರಲ್ಲಿ ಗೇಬ್ರಿಯೆಲ್ ವೈನ್‌ಬರ್ಗ್ ಆರಂಭಿಸಿದ ಡಕ್‌ಡಕ್‌ಗೋ ಸರ್ಚ್ ಎಂಜಿನ್.

ಡಕ್‌ಡಕ್‌ಗೋದಲ್ಲಿ ಇವುಗಳನ್ನು ಬ್ಯಾಂಗ್ ಎಂದು ಕರೆಯುತ್ತಾರೆ. ಆಶ್ಚರ್ಯಸೂಚಕ ಚಿಹ್ನೆ, ಅದಕ್ಕೆ ಅಂಟಿಕೊಂಡಂತೆ ಡಬ್ಲ್ಯೂ ಅಕ್ಷರ, ಬಳಿಕ ಹುಡುಕುವ ಪದ ಬರೆದರೆ ವಿಕಿಪೀಡಿಯ. ಡಬ್ಲ್ಯೂ ಬದಲು ಜಿ ಇದ್ದರೆ ಗೂಗಲ್. ವೈ ಮತ್ತು ಟಿ ಇದ್ದರೆ ಯೂಟ್ಯೂಬ್. ಬ್ಯಾಂಗ್ ಸಾಲಿನ ಆರಂಭದಲ್ಲೇ ಇರಬೇಕೆಂದಿಲ್ಲ. ಪದಗಳನ್ನು ಬರೆದು ಮುಗಿಸಿದ ಮೇಲೆ, ಇದನ್ನು ಇಂಥಲ್ಲಿ ಹುಡುಕಬೇಕಿತ್ತು ಎಂದು ತೋಚಿದರೆ ಕೊನೆಯಲ್ಲೂ ಸೇರಿಸಬಹುದು. ಪದವೇ ಇಲ್ಲದೆ ಬರೀ ಬ್ಯಾಂಗ್ ಬರೆದರೆ ಆ ತಾಣದ ಮುಖಪುಟ ತೆರೆಯುತ್ತದೆ. ಇಂತಹ ಬ್ಯಾಂಗ್‌ಗಳು 13,000ಕ್ಕೂ ಹೆಚ್ಚಿದ್ದು, ಬಹುಪಾಲು ಬಳಕೆದಾರರೇ ಸೂಚಿಸಿದವು. ಬ್ರೇವ್ ಸರ್ಚ್ ಮತ್ತು ಕಾಗಿ ಎಂಬ ಸರ್ಚ್ ಎಂಜಿನ್‌ಗಳೂ ಇದೇ ಪದ್ಧತಿಯನ್ನು ಅಳವಡಿಸಿಕೊಂಡಿವೆ.

ಇಷ್ಟು ದೊಡ್ಡ ಪಟ್ಟಿ ಸಿದ್ಧವಾಗಿರುವಾಗ ನಮ್ಮದೇ ಆದೇಶಗಳು ಯಾಕೆ ಬೇಕು? ಸಿದ್ಧಪಟ್ಟಿಯನ್ನು ಕಟ್ಟಿದವರ ಅಗತ್ಯಗಳೇ ಬೇರೆ ಎಂಬುದು ಮೊದಲ ಕಾರಣ. ಡಬ್ಲ್ಯೂ ಬ್ಯಾಂಗ್ ಸಾಮಾನ್ಯವಾಗಿ ಕರೆದೊಯ್ಯುವುದು ಇಂಗ್ಲಿಷ್ ವಿಕಿಪೀಡಿಯಕ್ಕೆ. ಕನ್ನಡದ ನಿಘಂಟು, ಮಲಯಾಳದ ನಿಘಂಟು, ತುಳುವಿನ ವಿಕಿಪೀಡಿಯ, ನಮ್ಮ ಜಿಲ್ಲೆಯ ಸರಕಾರಿ ತಾಣ ಇವೆಲ್ಲ ಅಕ್ಕಪಕ್ಕದಲ್ಲಿ ಇರಬೇಕೆಂದು ಬಯಸುವವರು ಮಂಜೇಶ್ವರದಲ್ಲೋ ಬದಿಯಡ್ಕದಲ್ಲೋ ಇದ್ದಾರೆಯೇ ಹೊರತು ಪಟ್ಟಿ ತಯಾರಾಗುವ ಊರಿನಲ್ಲಿಲ್ಲ. ಎರಡನೆಯ ಕಾರಣ, ತಾಣವೊಂದು ತನ್ನ ವಿಳಾಸದ ರಚನೆಯನ್ನು ಬದಲಿಸಿದಾಗ ಸಿದ್ಧ ಬ್ಯಾಂಗ್ ಕೆಡುತ್ತದೆ, ಮತ್ತು ಅದನ್ನು ಯಾರಾದರೂ ಸರಿಪಡಿಸುವವರೆಗೆ ಕಾಯಬೇಕಾಗುತ್ತದೆ. ನಾವೇ ಬರೆದುಕೊಂಡ ಆದೇಶವನ್ನು ನಾವೇ ತಿದ್ದಿಕೊಳ್ಳಬಹುದು. ಹಾಗಾಗಿ ಶಾರ್ಟ್‌ಕಟ್‌ನ ಒಳರಚನೆಯನ್ನು ಅರಿತುಕೊಳ್ಳುವುದು ಸಂಕೇತಗಳ ಪಟ್ಟಿಯನ್ನು ಕಂಠಪಾಠ ಮಾಡುವುದಕ್ಕಿಂತ ಹೆಚ್ಚು ಉಪಯುಕ್ತವೆಂದು ನನ್ನ ದೃಢವಾದ ಅಭಿಪ್ರಾಯ.

ಆ ಒಳರಚನೆ ತಿಳಿಯಬೇಕಾದರೆ ಹುಡುಕಾಟದ ಬಳಿಕ ವಿಳಾಸದ ಪಟ್ಟಿಯಲ್ಲಿ ಏನಾಗುತ್ತದೆಂದು ಗಮನಿಸಬೇಕು. ಕನ್ನಡ ವಿಕಿಪೀಡಿಯದಲ್ಲಿ ಒಂದು ಪದವನ್ನು ಹುಡುಕಿದಾಗ ವಿಳಾಸ ಉದ್ದವಾಗುತ್ತದೆ: ಮೊದಲು ತಾಣದ ಹೆಸರು, ಬಳಿಕ ಒಂದು ಪ್ರಶ್ನಾರ್ಥಕ ಚಿಹ್ನೆ, ಬಳಿಕ ಇಂಗ್ಲಿಷಿನಲ್ಲಿ ಸರ್ಚ್ ಎಂಬ ಪದ, ಸಮ ಚಿಹ್ನೆ, ಆಮೇಲೆ ನಾವು ಬರೆದ ಪದ; ಅದರ ನಂತರ ಇನ್ನೂ ಕೆಲವು ಭಾಗಗಳಿರಬಹುದು. ಬೇರೊಂದು ಪದವನ್ನು ಹುಡುಕಿದರೆ ನಮ್ಮ ಪದದ ಭಾಗವಷ್ಟೇ ಬದಲಾಗಿ ಉಳಿದದ್ದೆಲ್ಲ ಹಾಗೆಯೇ ಉಳಿಯುತ್ತದೆ. ಗ್ರಾಮ ಕಚೇರಿಯ ಅಚ್ಚಾದ ಅರ್ಜಿ ನಮೂನೆಯಲ್ಲಿ ಹೆಸರು ಬರೆಯುವ ಗೆರೆಯೊಂದನ್ನು ಮಾತ್ರ ಖಾಲಿ ಬಿಟ್ಟಿರುವಂತೆ, ಆ ವಿಳಾಸದಲ್ಲಿಯೂ ನಮ್ಮ ಪದದ ಜಾಗವೊಂದೇ ಬದಲಾಗುವ ಜಾಗ. ನಮ್ಮ ಪದವನ್ನು ಅಳಿಸಿ ಅಲ್ಲಿ % ಚಿಹ್ನೆಯನ್ನೂ ಅದಕ್ಕೆ ಅಂಟಿದಂತೆ ಸಣ್ಣ ಎಸ್ ಅಕ್ಷರವನ್ನೂ ಇಟ್ಟರೆ, ಇಲ್ಲಿ ಪದವನ್ನು ತುಂಬಬೇಕು ಎಂದು ಬ್ರೌಸರಿಗೆ ಅರ್ಥವಾಗುತ್ತದೆ. ಹೀಗೆ ಸಿದ್ಧವಾದ ವಿಳಾಸಕ್ಕೊಂದು ಸಂಕೇತ ಕೊಟ್ಟರೆ ಶಾರ್ಟ್‌ಕಟ್ ತಯಾರಾಯಿತು. 13,000 ಬ್ಯಾಂಗ್‌ಗಳ ಒಳಗೆ ಇರುವುದೂ ಮೂಲತಃ ಇದೇ.

ಫೈರ್‌ಫಾಕ್ಸ್‌ನಲ್ಲಿ ಇದನ್ನು ಬುಕ್‌ಮಾರ್ಕ್ ಆಗಿಯೇ ಮಾಡಬಹುದು. ಬುಕ್‌ಮಾರ್ಕ್‌ಗಳನ್ನು ನಿರ್ವಹಿಸುವ ಕಿಟಕಿಯಲ್ಲಿ ಹೊಸ ಬುಕ್‌ಮಾರ್ಕ್ ಸೇರಿಸಿ, ವಿಳಾಸದ ಜಾಗದಲ್ಲಿ ಮೇಲೆ ಹೇಳಿದಂತೆ ಸಿದ್ಧಪಡಿಸಿದ ವಿಳಾಸವನ್ನೂ ಕೀವರ್ಡ್ ಎಂಬ ಜಾಗದಲ್ಲಿ ಸಂಕೇತವನ್ನೂ ಬರೆದು ಉಳಿಸಬೇಕು. ಕ್ರೋಮ್‌ನಲ್ಲಾದರೆ ಸೆಟ್ಟಿಂಗ್ಸ್‌ನ ಸರ್ಚ್ ಎಂಜಿನ್ ವಿಭಾಗದೊಳಗೆ ಸೈಟ್ ಸರ್ಚ್ ಎಂಬ ಪಟ್ಟಿಯಿದ್ದು, ಅಲ್ಲಿ ಹೆಸರು, ಶಾರ್ಟ್‌ಕಟ್, ವಿಳಾಸ ಎಂಬ ಮೂರು ಜಾಗಗಳನ್ನು ತುಂಬಬೇಕು. ಬಳಸುವಾಗ ಸಂಕೇತವನ್ನು ಬರೆದು ಟ್ಯಾಬ್ ಕೀಲಿ ಒತ್ತಿದರೆ ಪದ ಬರೆಯುವ ಜಾಗ ತೆರೆಯುತ್ತದೆ.

ಸಂಕೇತವನ್ನು ಆರಿಸುವಾಗ ಕನ್ನಡದಲ್ಲಿ ಟೈಪ್ ಮಾಡುವವರು ಗಮನಿಸಬೇಕಾದ ವಿಷಯವೊಂದಿದೆ. ಇಂಗ್ಲಿಷ್ ಅಕ್ಷರದ ಸಂಕೇತ ಇಟ್ಟುಕೊಂಡರೆ ಪ್ರತಿ ಹುಡುಕಾಟದಲ್ಲೂ ಮೊದಲು ಇಂಗ್ಲಿಷ್ ಕೀಲಿಮಣೆ, ಬಳಿಕ ಕನ್ನಡ ಕೀಲಿಮಣೆ ಎಂದು ಬದಲಾಯಿಸುತ್ತಿರಬೇಕಾಗುತ್ತದೆ. ಉಳಿಸಿದ ಸಮಯವೆಲ್ಲ ಅಲ್ಲಿಗೇ ಖರ್ಚಾಗುತ್ತದೆ. ಫೈರ್‌ಫಾಕ್ಸ್‌ನ ಕೀವರ್ಡ್ ಕನ್ನಡದ ಅಕ್ಷರವೇ ಆಗಿರಬಹುದು. ಕನ್ನಡ ವಿಕಿಪೀಡಿಯಕ್ಕೆ ವಿ, ನಿಘಂಟಿಗೆ ಅ, ನಕ್ಷೆಗೆ ನ ಎಂದು ಇಟ್ಟುಕೊಂಡರೆ ಇಡೀ ಸಾಲು ಕನ್ನಡದಲ್ಲೇ ಸಾಗುತ್ತದೆ. ಮಲಯಾಳದಲ್ಲಿ ಹುಡುಕುವ ಆದೇಶಗಳಿಗೆ ಅದೇ ಕಾರಣಕ್ಕಾಗಿ ಮಲಯಾಳ ಲಿಪಿಯ ಸಂಕೇತವನ್ನಿಡುವುದು ಒಳ್ಳೆಯದು. ಆ ಲಿಪಿಯಲ್ಲಿ ಟೈಪ್ ಮಾಡುವಾಗಲೇ ತಾನೇ ಅದು ಬೇಕಾಗುವುದು.

ಭಾಷೆಗಳ ನಡುವಿನ ಓಡಾಟಕ್ಕೆ ಈ ಪದ್ಧತಿ ಎಷ್ಟು ಹೊಂದುತ್ತದೆಂಬುದನ್ನು ವಿಕಿಪೀಡಿಯವೇ ತೋರಿಸಿಕೊಡುತ್ತದೆ. ಕನ್ನಡ ವಿಕಿಪೀಡಿಯದ ವಿಳಾಸ ಕೆ ಮತ್ತು ಎನ್ ಅಕ್ಷರಗಳಿಂದ ಆರಂಭವಾಗುತ್ತದೆ. ಅವುಗಳ ಜಾಗದಲ್ಲಿ ಎಂ ಮತ್ತು ಎಲ್ ಬರೆದರೆ ಮಲಯಾಳ, ಟಿ, ಸಿ, ವೈ ಬರೆದರೆ ತುಳು. ಉಳಿದ ವಿಳಾಸವನ್ನು ಮುಟ್ಟಬೇಕಾಗಿಲ್ಲ. ತುಳು ವಿಕಿಪೀಡಿಯ 2016ರಿಂದ ಕನ್ನಡ ಲಿಪಿಯಲ್ಲೇ ಇರುವುದರಿಂದ ಕನ್ನಡ ಕೀಲಿಮಣೆಯಿಂದಲೇ ಅಲ್ಲಿ ಹುಡುಕಬಹುದು. ಬರೆದ ಪದ ಲೇಖನದ ಶೀರ್ಷಿಕೆಗೆ ಸರಿಯಾಗಿ ಹೊಂದಿದರೆ ಫಲಿತಾಂಶಗಳ ಪಟ್ಟಿಯೂ ಬರದೆ ನೇರವಾಗಿ ಲೇಖನವೇ ತೆರೆಯುತ್ತದೆ. ಮಂಜೇಶ್ವರ ಗೋವಿಂದ ಪೈಗಳ ಬಗ್ಗೆ ಕನ್ನಡದಲ್ಲಿ ಏನಿದೆ, ಮಲಯಾಳದಲ್ಲಿ ಏನಿದೆ ಎಂದು ಹೋಲಿಸಿ ನೋಡಲು ಎರಡು ಸಾಲು ಟೈಪ್ ಮಾಡಿದರೆ ಸಾಕು.

ನಿಘಂಟುಗಳ ವಿಷಯದಲ್ಲಿ ಗಡಿನಾಡಿನವರು ಅದೃಷ್ಟವಂತರು. ಮಲಯಾಳದ ಓಳಂ ನಿಘಂಟು ತಾಣವನ್ನು 2010ರಲ್ಲಿ ಆರಂಭಿಸಿದ ಕೈಲಾಶ್ ನಾಥ್ ಅವರೇ, ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟನ್ನು 2019ರಲ್ಲಿ ಅಲರ್ ಎಂಬ ಹೆಸರಿನಲ್ಲಿ ಜಾಲಕ್ಕೆ ತಂದರು. ಒಂದೂವರೆ ಲಕ್ಷಕ್ಕೂ ಮಿಕ್ಕಿದ ಪದಗಳಿರುವ ಆ ನಿಘಂಟು ಎಲ್ಲರಿಗೂ ಮುಕ್ತವಾಗಿ ಸಿಗುತ್ತಿದೆ ಎಂಬುದನ್ನು ನಮ್ಮ ಶಾಲೆಗಳಲ್ಲಿ ಇನ್ನಷ್ಟು ಜೋರಾಗಿ ಹೇಳಬೇಕು. ಶಾರ್ಟ್‌ಕಟ್ ಕಟ್ಟುವವರಿಗೆ ಇಲ್ಲಿ ಒಂದು ವ್ಯತ್ಯಾಸ ಕಾಣುತ್ತದೆ: ಅಲರ್‌ನ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯಾಗಲಿ ಸಮ ಚಿಹ್ನೆಯಾಗಲಿ ಇಲ್ಲದೆ, ಓರೆಗೆರೆಗಳಿಂದ ಬೇರ್ಪಟ್ಟ ಭಾಗಗಳ ಕೊನೆಯಲ್ಲಿ ಪದವಿರುತ್ತದೆ. ಅದರಿಂದ ಏನೂ ತೊಡಕಿಲ್ಲ. ಪದ ಎಲ್ಲಿದೆಯೋ ಅಲ್ಲಿ % ಮತ್ತು ಎಸ್ ಇಟ್ಟರಾಯಿತು. ಗೂಗಲ್ ಅನುವಾದದ ವಿಳಾಸದಲ್ಲಿ ಮೂಲ ಭಾಷೆಯ ಸಂಕೇತ, ಗುರಿ ಭಾಷೆಯ ಸಂಕೇತ, ಪಠ್ಯ ಎಂಬ ಮೂರು ಭಾಗಗಳಿರುವುದರಿಂದ, ಮೊದಲೆರಡನ್ನು ಕನ್ನಡ ಮತ್ತು ಮಲಯಾಳವೆಂದು ನಿಗದಿಪಡಿಸಿ ಪಠ್ಯವನ್ನು ಮಾತ್ರ ಖಾಲಿ ಬಿಟ್ಟರೆ, ಅರ್ಜಿ ಬರೆಯುವಾಗ ತಡವರಿಸುವ ಪದಕ್ಕೆ ಕ್ಷಣದಲ್ಲಿ ಮಲಯಾಳ ರೂಪ ಸಿಗುತ್ತದೆ. 2024ರಲ್ಲಿ ತುಳುವೂ ಆ ಅನುವಾದದ ಭಾಷೆಗಳ ಪಟ್ಟಿಗೆ ಸೇರಿದೆ. ಯಂತ್ರದ ಅನುವಾದವನ್ನು ಹಾಗೆಯೇ ಅರ್ಜಿಗೆ ಇಳಿಸದೆ, ಸಿಕ್ಕಿದ ಪದವನ್ನು ಓಳಂನಲ್ಲಿ ಇನ್ನೊಮ್ಮೆ ನೋಡಿಕೊಳ್ಳುವುದು ಕ್ಷೇಮ. ಅದಕ್ಕೂ ಇನ್ನೊಂದು ಶಾರ್ಟ್‌ಕಟ್ ಇದ್ದೇ ಇರುತ್ತದೆ.

ಪ್ರಬಂಧ ಬರೆಯುವ ವಿದ್ಯಾರ್ಥಿನಿಗೆ ಈಗ ಇಂಡಿಯನ್ ಕಾನೂನ್‌ಗೊಂದು, ಪಬ್‌ಮೆಡ್‌ಗೊಂದು, ಎರಡು ವಿಕಿಪೀಡಿಯಗಳಿಗೊಂದೊಂದು ಆದೇಶ ಸಾಕು. ಸರಕಾರಿ ಸುತ್ತೋಲೆಗಳ ಮಾತು ಮಾತ್ರ ಬೇರೆ. ಅನೇಕ ಇಲಾಖೆಗಳ ತಾಣಗಳಲ್ಲಿ ಹುಡುಕುವ ಪೆಟ್ಟಿಗೆ ಇರುವುದಿಲ್ಲ, ಇದ್ದರೂ ನೆಟ್ಟಗೆ ಹುಡುಕುವುದಿಲ್ಲ. ಅಂತಹ ಕಡೆ ಗೂಗಲ್ ಅಥವಾ ಡಕ್‌ಡಕ್‌ಗೋದ ಸೌಲಭ್ಯವೊಂದನ್ನು ಶಾರ್ಟ್‌ಕಟ್‌ನ ಒಳಗೇ ಸೇರಿಸಿಬಿಡಬಹುದು. ಇಂಗ್ಲಿಷಿನಲ್ಲಿ ಸೈಟ್ ಎಂದು ಬರೆದು, ಕೋಲನ್ ಚಿಹ್ನೆಯಿಟ್ಟು, ಜಾಗ ಬಿಡದೆ ತಾಣದ ಹೆಸರು ಬರೆದರೆ ಆ ಎಂಜಿನ್‌ಗಳು ಆ ತಾಣವೊಂದರಲ್ಲಿ ಮಾತ್ರ ಹುಡುಕುತ್ತವೆ. ಈ ಭಾಗವನ್ನು ವಿಳಾಸದಲ್ಲಿ ಖಾಯಂ ಆಗಿ ಇಟ್ಟು, ಅದರ ಮುಂದೆ ಒಂದು ಖಾಲಿ ಜಾಗ ಬಿಟ್ಟು % ಮತ್ತು ಎಸ್ ಇಟ್ಟರೆ, ಸ್ವಂತ ಹುಡುಕಾಟದ ವ್ಯವಸ್ಥೆಯೇ ಇಲ್ಲದ ತಾಣಕ್ಕೂ ನಾವೊಂದು ಹುಡುಕಾಟದ ಪೆಟ್ಟಿಗೆ ಕಟ್ಟಿಕೊಟ್ಟಂತಾಗುತ್ತದೆ. ಕೇರಳ ಸರಕಾರದ ತಾಣಗಳಿಗೆ ಒಂದು, ಕರ್ನಾಟಕ ಸರಕಾರದ ತಾಣಗಳಿಗೆ ಇನ್ನೊಂದು ಇಟ್ಟುಕೊಂಡರೆ ಎರಡೂ ರಾಜ್ಯಗಳ ಪ್ರವೇಶ ಪ್ರಕಟಣೆಗಳನ್ನು ನೋಡುತ್ತಿರಬೇಕಾದ ನಮ್ಮ ಮಕ್ಕಳಿಗೆ ಎಷ್ಟೋ ಅನುಕೂಲ. ಕಾಸರಗೋಡಿನಲ್ಲೇ ಇರುವ ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ತಾಣಕ್ಕೊಂದು ಇಂತಹ ಆದೇಶವಿದ್ದರೆ, ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಕೃಷಿಕರು ಮೊದಲು ಓದುವುದು ಯಾರೋ ಮುಂದಕ್ಕೆ ಕಳಿಸಿದ ಸಂದೇಶವನ್ನಲ್ಲ, ವಿಜ್ಞಾನಿಗಳು ಬರೆದ ಸಲಹೆಯನ್ನು.

ಎಲ್ಲ ತಾಣಗಳಿಗೂ ಶಾರ್ಟ್‌ಕಟ್ ಕಟ್ಟಲಾಗುವುದಿಲ್ಲ. ಒಮ್ಮೆ ಹುಡುಕಿ ನೋಡಿ ವಿಳಾಸದಲ್ಲಿ ನಮ್ಮ ಪದ ಎಲ್ಲೂ ಕಾಣಿಸದಿದ್ದರೆ, ಆ ತಾಣ ಪದವನ್ನು ವಿಳಾಸದ ಮೂಲಕವಲ್ಲದೆ ಬೇರೆ ದಾರಿಯಿಂದ ಒಳಗೆ ಕಳಿಸುತ್ತಿದೆ ಎಂದರ್ಥ. ಲಾಗಿನ್ ಕೇಳುವ, ಚಿತ್ರದಲ್ಲಿರುವ ಅಕ್ಷರಗಳನ್ನು ಬರೆಯಿಸುವ ಸೇವಾ ತಾಣಗಳು ಹೆಚ್ಚಾಗಿ ಹೀಗೆಯೇ ಇರುತ್ತವೆ.

ಕನ್ನಡದಲ್ಲಿ ಬರೆದ ಪದ ವಿಳಾಸದೊಳಗೆ ಹೋದಾಗ ಏನಾಗುತ್ತದೆ ಎಂಬುದನ್ನೂ ತಿಳಿದಿರಬೇಕು, ಏಕೆಂದರೆ ವಿಳಾಸವನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿದಾಗ ಕಾಣುವ ಚಿಹ್ನೆಗಳ ಸಾಲನ್ನು ನೋಡಿ ಏನೋ ಕೆಟ್ಟಿದೆಯೆಂದು ಹಲವರು ಗಾಬರಿಯಾಗುತ್ತಾರೆ. ಜಾಲದ ವಿಳಾಸಗಳು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವು ಚಿಹ್ನೆಗಳನ್ನು ಮಾತ್ರ ಒಪ್ಪುತ್ತವೆ. ಹಾಗಾಗಿ ಕನ್ನಡದ ಪದವನ್ನು ಬೈಟುಗಳಾಗಿ, ಅಂದರೆ ಎರಡೆರಡು ಅಂಕಿ ಅಥವಾ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಸಂಖ್ಯೆಗಳಾಗಿ, ಬದಲಿಸಬೇಕಾಗುತ್ತದೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟುಗಳು ಬೇಕು. ಕ ಅಕ್ಷರವೆಂದರೆ ಇ0, ಬಿ2, 95 ಎಂಬ ಮೂರು ಬೈಟುಗಳು. ಮಲಯಾಳದ ಕ ಅಕ್ಷರವಾದರೆ ನಡುವಿನದು ಮಾತ್ರ ಬಿ4 ಆಗುತ್ತದೆ. ವಿಳಾಸದಲ್ಲಿ ಪ್ರತಿ ಬೈಟಿನ ಮುಂದೆಯೂ % ಚಿಹ್ನೆ ಸೇರುವುದರಿಂದ, ಆರು ಯೂನಿಕೋಡ್ ಚಿಹ್ನೆಗಳ ಗೋವಿಂದ ಎಂಬ ಪದ ಅಲ್ಲಿ 54 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಈ ಪರಿವರ್ತನೆಯನ್ನು ಬ್ರೌಸರ್ ತಾನೇ ಮಾಡುತ್ತದೆ. ಫೈರ್‌ಫಾಕ್ಸ್‌ನಲ್ಲಿ ಸಣ್ಣ ಎಸ್ ಬದಲು ದೊಡ್ಡ ಎಸ್ ಬರೆದರೆ ಪರಿವರ್ತನೆಯಾಗದೆ ಪದ ಇದ್ದಂತೆಯೇ ಹೋಗುತ್ತದೆ. ನಮ್ಮ ಭಾಷೆಗಳಿಗೆ ಸಣ್ಣ ಎಸ್ ಬಳಸುವುದೇ ಸರಿ.

ಇದಕ್ಕಿಂತ ಹೆಚ್ಚು ತೊಂದರೆ ಕೊಡುವುದು ಕಣ್ಣಿಗೆ ಕಾಣದ ವ್ಯತ್ಯಾಸಗಳು. ಮಲಯಾಳದ ಚಿಲ್ಲಕ್ಷರಗಳನ್ನು, ಅಂದರೆ ಸ್ವರವಿಲ್ಲದೆ ನಿಲ್ಲುವ ವ್ಯಂಜನಗಳ ವಿಶೇಷ ರೂಪಗಳನ್ನು, ಮೊದಲು ವ್ಯಂಜನ, ಚಂದ್ರಕಲೆ ಮತ್ತು ಕಾಣದ ಜೋಡಣೆಯ ಚಿಹ್ನೆ ಸೇರಿಸಿ ಬರೆಯುತ್ತಿದ್ದರು. 2008ರ ಯೂನಿಕೋಡ್ 5.1 ಆವೃತ್ತಿಯಲ್ಲಿ ಅವುಗಳಿಗೆ ಪ್ರತ್ಯೇಕ ಸ್ಥಾನ ದೊರೆಯಿತು. ಕಾಸರಗೋಡಿನ ಮಲಯಾಳ ಹೆಸರಿನಲ್ಲೇ ಅಂತಹ ಅಕ್ಷರವೊಂದಿದೆ, ಜೊತೆಗೆ ಆ ಹೆಸರನ್ನು ಮಲಯಾಳದಲ್ಲಿ ಎರಡು ಬಗೆಯಾಗಿ ಬರೆಯುವ ರೂಢಿಯೂ ಇದೆ. ಕೆಲವು ತಾಣಗಳು ಇವೆಲ್ಲವನ್ನೂ ಒಂದೇ ಎಂದು ಪರಿಗಣಿಸಿದರೆ ಇನ್ನು ಕೆಲವು ಬೇರೆ ಬೇರೆಯೆಂದು ಪರಿಗಣಿಸುತ್ತವೆ. ಹೀಗಾಗಿ ನಮ್ಮದೇ ಜಿಲ್ಲೆಯ ಹೆಸರಿನಲ್ಲಿ ಹುಡುಕುವಾಗ ಒಂದು ರೂಪಕ್ಕೆ ಏನೂ ಸಿಗಲಿಲ್ಲವೆಂದು ಬಿಟ್ಟುಬಿಡದೆ ಇನ್ನೊಂದು ರೂಪವನ್ನೂ ಕೊಟ್ಟು ನೋಡಬೇಕು. ಕನ್ನಡದ ಹಳೆಯ ಕಡತಗಳಲ್ಲಿ ತೊಡಕು ಇನ್ನೂ ಆಳವಾದದ್ದು: ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟುಗಳಲ್ಲಿ ತಯಾರಾದ ಪಿಡಿಎಫ್‌ಗಳಲ್ಲಿ ನಮಗೆ ಕನ್ನಡ ಕಂಡರೂ ಯಂತ್ರಕ್ಕೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅವುಗಳೊಳಗಿನ ಪದಗಳನ್ನು ಯಾವ ಶಾರ್ಟ್‌ಕಟ್ಟೂ ಹುಡುಕಿ ಕೊಡಲಾರದು. ಕಡತದ ಶೀರ್ಷಿಕೆಯನ್ನೋ ಪ್ರಕಟಿಸಿದ ಇಲಾಖೆಯ ಹೆಸರನ್ನೋ ಇಂಗ್ಲಿಷಿನಲ್ಲಿ ಹುಡುಕುವುದೇ ಉಳಿಯುವ ದಾರಿ.

ಮೊಬೈಲ್ ಫೋನಿನಲ್ಲಿ ಲೆಕ್ಕ ಸ್ವಲ್ಪ ತಿರುಗುಮುರುಗಾಗುತ್ತದೆ. ಆಂಡ್ರಾಯ್ಡ್‌ನ ಕ್ರೋಮ್‌ನಲ್ಲಿ ಕಂಪ್ಯೂಟರಿನಂತೆ ನಮ್ಮದೇ ಶಾರ್ಟ್‌ಕಟ್‌ಗಳನ್ನು ಕಟ್ಟಿಕೊಳ್ಳುವ ಅವಕಾಶವಿಲ್ಲ. ಬ್ಯಾಂಗ್‌ಗಳ ಅರ್ಥವನ್ನು ಬಿಡಿಸುವುದು ಡಕ್‌ಡಕ್‌ಗೋದ ಸರ್ವರ್ ಆದ್ದರಿಂದ, ಅದನ್ನು ಮುಖ್ಯ ಸರ್ಚ್ ಎಂಜಿನ್ ಆಗಿ ಆರಿಸಿಕೊಂಡರೆ ಬ್ಯಾಂಗ್‌ಗಳು ಯಾವ ಫೋನಿನಲ್ಲೂ ನಡೆಯುತ್ತವೆ. ಆಂಡ್ರಾಯ್ಡ್‌ನ ಫೈರ್‌ಫಾಕ್ಸ್‌ನಲ್ಲಿ % ಮತ್ತು ಎಸ್ ಇರುವ ವಿಳಾಸವನ್ನು ಹೊಸ ಸರ್ಚ್ ಎಂಜಿನ್ ಆಗಿ ಸೇರಿಸಿ, ಹುಡುಕುವಾಗ ಪಟ್ಟಿಯಿಂದ ಆರಿಸಿಕೊಳ್ಳಬಹುದು.

ಖಾಸಗಿತನದ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಡಕ್‌ಡಕ್‌ಗೋ ಹುಡುಕಾಟಗಳನ್ನು ವ್ಯಕ್ತಿಗೆ ಜೋಡಿಸಿ ಉಳಿಸಿಕೊಳ್ಳುವುದಿಲ್ಲ ಎಂಬ ಕಾರಣಕ್ಕೆ, ಅದರ ಮೂಲಕ ಗೂಗಲ್ ಬ್ಯಾಂಗ್ ಬಳಸಿದರೆ ಗೂಗಲ್‌ಗೆ ನಮ್ಮ ಗುರುತು ಸಿಗುವುದಿಲ್ಲವೆಂದು ಭಾವಿಸುವವರಿದ್ದಾರೆ. ಬ್ಯಾಂಗ್ ನಮ್ಮನ್ನು ಆ ತಾಣಕ್ಕೇ ಒಯ್ದು ನಿಲ್ಲಿಸುತ್ತದೆ. ಅಲ್ಲಿಂದ ಮುಂದೆ ಆ ತಾಣದ ನಿಯಮಗಳೇ ಅನ್ವಯಿಸುತ್ತವೆ. ನಾವೇ ಕಟ್ಟಿದ ಶಾರ್ಟ್‌ಕಟ್ ನಡುವೆ ಯಾರನ್ನೂ ಮುಟ್ಟದೆ ನೇರವಾಗಿ ಹೋಗುವುದರಿಂದ ಪದವನ್ನು ನೋಡುವವರ ಸಂಖ್ಯೆ ಒಂದು ಕಡಿಮೆಯಾಗುತ್ತದೆ, ಅಷ್ಟೆ. ರೋಗದ ಹೆಸರನ್ನೋ ಕುಟುಂಬದ ವ್ಯಾಜ್ಯದ ವಿವರವನ್ನೋ ಸರಕಾರಿ ಸೇವೆಗಳ ಅಕ್ಷಯ ಕೇಂದ್ರದ ಇಲ್ಲವೇ ವಾಚನಾಲಯದ ಕಂಪ್ಯೂಟರಿನಲ್ಲಿ ಹುಡುಕಿದರೆ ಬ್ರೌಸರಿನ ಇತಿಹಾಸದಲ್ಲಿ ಅದು ಉಳಿಯುತ್ತದೆ ಎಂಬುದನ್ನೂ ಮರೆಯಬಾರದು. ಬ್ಯಾಂಕಿನ ತಾಣಕ್ಕೆ ಮಾತ್ರ ಇಂತಹ ಯಾವ ಆದೇಶವೂ ಬೇಡ. ವಿಳಾಸವನ್ನು ಪೂರ್ತಿಯಾಗಿ ಟೈಪ್ ಮಾಡುವುದೇ ಸುರಕ್ಷಿತ.

ಕೇರಳದ ಶಾಲೆಗಳ ಕಂಪ್ಯೂಟರ್ ಪ್ರಯೋಗಾಲಯಗಳಲ್ಲಿ ಶಾಲೆಗಳಿಗೆ ತಂತ್ರಜ್ಞಾನ ಒದಗಿಸುವ ಸರಕಾರಿ ಸಂಸ್ಥೆ ಕೈಟ್‌ನ ಲಿನಕ್ಸ್ ಆಧಾರಿತ ಸ್ವತಂತ್ರ ತಂತ್ರಾಂಶ ಬಳಕೆಯಲ್ಲಿದೆ, ಫೈರ್‌ಫಾಕ್ಸ್ ಅಂತಹ ವ್ಯವಸ್ಥೆಗೆ ಸಹಜವಾಗಿ ಹೊಂದುವ ಬ್ರೌಸರ್. ಅದರ ಶಾರ್ಟ್‌ಕಟ್‌ಗಳು ಬುಕ್‌ಮಾರ್ಕ್‌ಗಳೇ ಆಗಿರುವುದರಿಂದ ಅವನ್ನೆಲ್ಲ ಒಂದು ಎಚ್‌ಟಿಎಂಎಲ್ ಕಡತವಾಗಿ ಹೊರತೆಗೆಯಬಹುದು. ಕೀವರ್ಡ್‌ಗಳೂ ಅದರೊಳಗೇ ಉಳಿಯುತ್ತವೆ. ಕನ್ನಡ ಮಾಧ್ಯಮದ ಒಬ್ಬ ಅಧ್ಯಾಪಕರು ಒಂದು ಸಂಜೆ ಕುಳಿತು ಅಲರ್, ಓಳಂ, ಮೂರು ವಿಕಿಪೀಡಿಯಗಳು, ಇಂಡಿಯನ್ ಕಾನೂನ್, ಎರಡು ರಾಜ್ಯಗಳ ಸರಕಾರಿ ತಾಣಗಳು ಇಷ್ಟಕ್ಕೆ ಆದೇಶಗಳನ್ನು ಕಟ್ಟಿ, ಆ ಕಡತವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಪ್ರಯೋಗಾಲಯದ ಪ್ರತಿ ಕಂಪ್ಯೂಟರಿನ ಫೈರ್‌ಫಾಕ್ಸ್‌ಗೂ ಸೇರಿಸಿದರೆ, ಮರುದಿನದಿಂದಲೇ ಇಡೀ ತರಗತಿ ಅದೇ ಸಂಕೇತಗಳಿಂದ ಹುಡುಕತೊಡಗಬಹುದು.